ಕಟ್ ಅನ್ನುವವರೆಗೂ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಈಗಷ್ಟೇ ನೆಲ ಒರೆಸಿದ್ದಾರೆ, ಇನ್ನೂ ಒಣಗಿಲ್ಲ. ಒಂದು ಕೈಯಲ್ಲಿ ಬಿಸಿನೀರಿನ ಮಗ್ಗು, ಇನ್ನೊಂದರಲ್ಲಿ ಬ್ರಷ್ಷು, ಸೋಪು, ರೇಜರ್ ಇಟ್ಟ ತಟ್ಟೆ ಹಿಡಿದುಕೊಂಡು ಸಣಕಲು ಮುದುಕರೊಬ್ಬರು ಮಂಚಗಳ ನಡುವೆ ನಡೆದು ಬರುತ್ತಾರೆ. ಬಾಗಿಲ ಹತ್ತಿರದ ಮಂಚ ದಾಟುವಾಗ ಚಪ್ಪಲಿ ಜಾರುತ್ತದೆ. ಎರಡೂ ಕಾಲು ಮೇಲೆ ಹಾರುತ್ತವೆ, ಮೈ ಅಡ್ಡಡ್ಡ ನೆಲಕ್ಕೆ ಇಳಿಯುತ್ತದೆ. ನಾನು ಅಯ್ಯೋ ಅನ್ನುವಷ್ಟರಲ್ಲಿ ಅವರು ಎದ್ದು ಕೂತಾಗಿದೆ. ಮಗ್ಗು ನೆಟ್ಟಗಿದೆ. ನೀರು ಒಂದು ಹನಿಯೂ ಚೆಲ್ಲಿಲ್ಲ.

ಯಾರೂ ನಗುವುದಿಲ್ಲ. ನಗುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇಲ್ಲ. ಪಾಳಿ ಮುಗಿಸಿ ಹೊರಟಿದ್ದ ನರ್ಸಮ್ಮ ಮಾತ್ರ, ಒದ್ದೆ ನೆಲದಲ್ಲಿ ಸರ್ಕಸ್ ಮಾಡಬೇಡಿ ತಾತ, ಸೊಂಟ ಮುರಿದರೆ ನಿಮಗೂ ಇಲ್ಲೇ ಒಂದು ಮಂಚ ಹಾಕಬೇಕಾಗುತ್ತದೆ ಎಂದು ಗದರಿ ಹೋಗುತ್ತಾರೆ. ಮುದುಕರು ತಲೆಯಾಡಿಸಿ ಮೊದಲ ರೋಗಿಯ ಪಕ್ಕ ಸ್ಟೂಲು ಎಳೆದುಕೊಳ್ಳುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವರಿಗೆ ಮೀಸೆಯೂ ಇಲ್ಲ. ಬಿದ್ದದ್ದೇ ಸುಳ್ಳೇನೋ ಅನ್ನುವ ಹಾಗಿದೆ ಮುಖ.

ಒಂದು ಕಾಲದಲ್ಲಿ ಈ ಮನುಷ್ಯ ಬೀಳುವುದನ್ನು ನೋಡಲು ಜನ ಟಾಕೀಸಿನ ಮುಂದೆ ಸಾಲು ನಿಲ್ಲುತ್ತಿದ್ದರು ಎಂದರೆ ಆ ನರ್ಸಮ್ಮ ನಂಬಲಾರರು. ದೊಡ್ಡ ಚಿತ್ರ ಶುರುವಾಗುವ ಮೊದಲು ಹತ್ತು ನಿಮಿಷದ ತುಂಡು ನಗೆಚಿತ್ರ ತೋರಿಸುತ್ತಿದ್ದ ದಿನಗಳವು. ಮಾತಿನ ಚಿತ್ರಗಳು ಬಂದು ಎಷ್ಟೋ ಕಾಲವಾಗಿದ್ದರೂ ಈ ತುಂಡು ಚಿತ್ರಗಳಲ್ಲಿ ಮಾತೇ ಇರುತ್ತಿರಲಿಲ್ಲ. ಒಬ್ಬ ದಪ್ಪ ಮನುಷ್ಯ ಗುದ್ದುತ್ತಾನೆ, ಒಬ್ಬ ಸಣ್ಣ ಮನುಷ್ಯ ಬೀಳುತ್ತಾನೆ, ಅಷ್ಟೇ ಕಥೆ. ಪೋಸ್ಟರಿನಲ್ಲಿ ಅವರ ಸ್ವಂತ ಹೆಸರು ಹಾಕುತ್ತಿರಲಿಲ್ಲ. ಗುದ್ದುವವನು ಗುದ್ದಪ್ಪ, ಬೀಳುವವನು ಬಿದ್ದಪ್ಪ. ಈಗ ರೋಗಿಯ ಗಲ್ಲಕ್ಕೆ ನೊರೆ ಹಚ್ಚುತ್ತಿರುವವರೇ ಆ ಬಿದ್ದಪ್ಪ. ವಯಸ್ಸು ಎಪ್ಪತ್ತು ದಾಟಿದೆ.

ನಮ್ಮ ಪುರವಣಿಯ ಸಂಪಾದಕರು ಹಳೆಯ ಹಾಸ್ಯನಟನ ಬಗ್ಗೆ ಹೊಟ್ಟೆ ಹುಣ್ಣಾಗುವಂಥ ಲೇಖನ ಬೇಕೆಂದು ನನ್ನನ್ನು ಕಳಿಸಿದ್ದಾರೆ. ಹುಣ್ಣಂತೂ ಆಗಿದೆ. ನಗುವ ಆಸೆಯಿಂದ ಈ ಪುಟ ತೆರೆದವರು ದಯವಿಟ್ಟು ಪಕ್ಕದ ಪುಟದ ವ್ಯಂಗ್ಯಚಿತ್ರ ನೋಡಿಕೊಳ್ಳಬೇಕು.

ಆಪರೇಷನ್‌ಗೆ ಹೋಗುವವರು, ಕೈ ಎತ್ತಲಾಗದವರು, ತಿಂಗಳುಗಟ್ಟಲೆ ಮಲಗಿರುವವರು, ಇವರೆಲ್ಲರ ಗಡ್ಡ ಬಿದ್ದಪ್ಪನವರ ಪಾಲಿಗೆ. ಡಾಕ್ಟರು ವಾರ್ಡಿಗೆ ಬರುವ ಮೊದಲು ಮುಗಿಸಬೇಕು. ಕೆಲಸ ಮಾಡುವಾಗ ಅವರು ಮಾತಾಡುವುದಿಲ್ಲ. ರೋಗಿಯ ಎದುರು ಕೂತು ತಮ್ಮ ಗಲ್ಲವನ್ನು ಮೇಲೆತ್ತುತ್ತಾರೆ, ರೋಗಿಯೂ ಎತ್ತುತ್ತಾನೆ. ತಮ್ಮ ಕೆನ್ನೆ ಊದಿಸುತ್ತಾರೆ, ಅವನೂ ಊದಿಸುತ್ತಾನೆ. ರೇಜರ್ ಬರುವ ದಾರಿಯನ್ನು ಮೊದಲು ತಮ್ಮ ಮುಖದ ಮೇಲೆ ಬೆರಳಿನಲ್ಲಿ ಎಳೆದು ತೋರಿಸುತ್ತಾರೆ. ಬೆಳಗಿನ ಆಪರೇಷನ್‌ಗೆ ಹೆದರಿ ಮಂಚದ ಕಂಬಿ ಹಿಡಿದುಕೊಂಡಿದ್ದ ಲಾರಿ ಡ್ರೈವರೊಬ್ಬನ ಕೈ ನಾನು ನೋಡುತ್ತಿದ್ದ ಹಾಗೆಯೇ ಸಡಿಲವಾಯಿತು. ಅವನಿಗೆ ಇವರು ಯಾರೆಂದು ಗೊತ್ತಿಲ್ಲ, ಕೇಳಲೂ ಇಲ್ಲ.

ಕೊನೆಯ ಮಂಚದಲ್ಲಿರುವವನಿಗೆ ಲಕ್ವ ಹೊಡೆದಿದೆ. ಬಾಯಿಯ ಎಡ ತುದಿ ಕೆಳಗೆ ಜೋತಿದೆ. ಬಿದ್ದಪ್ಪನವರು ತೋರುಬೆರಳಿನಿಂದ ಆ ತುದಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದು ಅದರ ಕೆಳಗೆ ರೇಜರ್ ಎಳೆಯುತ್ತಾರೆ. ಬೆರಳು ತೆಗೆದ ಕೂಡಲೇ ಬಾಯಿ ಮತ್ತೆ ಜೋಲುತ್ತದೆ. ಇದೊಂದು ಮುಖದ ಕೆಲಸ ಮಾಡುವಾಗ ಮಾತ್ರ ಅವರು ನನಗೆ ಬೆನ್ನು ತಿರುಗಿಸಿ ಕೂತಿದ್ದರು. ಬೆಳಕಿಗೋಸ್ಕರ ಇರಬಹುದು ಅಂದುಕೊಂಡೆ.

ಅವರ ಅಪ್ಪ ಹತ್ತಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಒತ್ತಿ ಕಟ್ಟಿದ ಹತ್ತಿ ಬೇಲುಗಳ ಮೇಲಿಂದ ಕೆಳಗೆ ಹಾರುವುದು ಇವರ ಬಾಲ್ಯದ ಆಟ. ಎತ್ತರದಿಂದ ಬಿದ್ದರೆ ಮೈಯಲ್ಲಿ ಯಾವುದನ್ನು ಮೊದಲು ನೆಲಕ್ಕೆ ಕೊಡಬೇಕು, ಯಾವುದನ್ನು ಕೊನೆಗೆ ಕೊಡಬೇಕು ಅನ್ನುವುದು ಶಾಲೆಯ ಮುಖ ನೋಡದ ಈ ಮನುಷ್ಯ ಕಲಿತ ಮೊದಲ ಪಾಠ. ಹತ್ತೊಂಬತ್ತರ ವಯಸ್ಸಿಗೆ ಸಿನಿಮಾ ಸ್ಟುಡಿಯೊದಲ್ಲಿ ಸೆಟ್ಟಿಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತು. ಸ್ಟುಡಿಯೊ ಅಂದರೆ ತಗಡಿನ ಸೂರಿನ ಶೆಡ್ಡು, ಪಕ್ಕದಲ್ಲೇ ರೈಲು ಹಳಿ. ಗಾಳಿ ಬೀಸಿದರೆ ತಗಡು ಬಡಿದುಕೊಳ್ಳುತ್ತಿತ್ತು, ಬೀಸದಿದ್ದರೆ ಗೂಡ್ಸ್ ಗಾಡಿ ಬರುತ್ತಿತ್ತು. ಅಲ್ಲಿ ಮಾತು ರೆಕಾರ್ಡ್ ಮಾಡುವುದು ಬ್ರಹ್ಮನಿಂದಲೂ ಸಾಧ್ಯವಿರಲಿಲ್ಲ. ಮಾಲೀಕ ಬುದ್ಧಿವಂತ. ಮಾತೇ ಇಲ್ಲದ ಚಿತ್ರ ತೆಗೆದರೆ ಯಾವ ಭಾಷೆಯ ಊರಿಗೂ ಮಾರಬಹುದೆಂದು ಅವನಿಗೆ ಹೊಳೆಯಿತು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ನಂಬಿದವರು ಬೇರೆ ಯಾರೂ ಇರಲಾರರು.

ಒಂದು ದಿನ ಏಣಿ ಜಾರಿ ಈ ಹುಡುಗ ಬಣ್ಣದ ಡಬ್ಬಿ ಸಮೇತ ಸೆಟ್ಟಿನ ನಡುವೆ ಬಿದ್ದ. ಡಬ್ಬಿ ಚೆಲ್ಲಲಿಲ್ಲ. ಅಲ್ಲಿ ಕೂತು ಮೇಕಪ್ ಹಾಕಿಸಿಕೊಳ್ಳುತ್ತಿದ್ದ ದಪ್ಪ ನಟ ಎದ್ದು ಬಂದು, ಇನ್ನೊಂದು ಸಲ ಬೀಳು ನೋಡೋಣ ಅಂದರು. ಆ ದಪ್ಪ ನಟ ನಾಟಕ ಕಂಪನಿಯಿಂದ ಬಂದವರು, ಇವರಿಗಿಂತ ಆರು ವರ್ಷ ದೊಡ್ಡವರು. ಅವರೇ ಗುದ್ದಪ್ಪ.

“ಗುದ್ದೋಕೆ ಎಲ್ಲರಿಗೂ ಬರುತ್ತೆ ಸಾರ್,” ಅನ್ನುತ್ತಾರೆ ಬಿದ್ದಪ್ಪ. “ಬೀಳೋನಿಗೆ ನೋವಾಗದ ಹಾಗೆ ಗುದ್ದೋದು ಅವರೊಬ್ಬರಿಗೇ ಬರ್ತಿತ್ತು. ದಿನಾ ಶೂಟಿಂಗ್ ಮುಂಚೆ ನನ್ನ ಎದೆ ಮೇಲೆ ಅಂಗೈ ಇಟ್ಕೊಂಡು ಕೂರೋರು. ನನ್ನ ಉಸಿರು ಹೇಗೆ ಹೋಗಿ ಬರ್ತಿದೆ ಅಂತ ನೋಡೋರು. ಉಸಿರು ಹೊರಗೆ ಬಿಟ್ಟಾಗ ಹೊಡೆದ್ರೆ ನೋವಾಗಲ್ಲ. ಅಷ್ಟು ವರ್ಷ ಹೊಡೆದ್ರು, ಒಂದು ಸಲಾನೂ ನೋವಾಗಲಿಲ್ಲ.”

ಇಬ್ಬರಿಗೂ ಎರಡೇ ನಿಯಮ. ಒಂದು, ಡೈರೆಕ್ಟರು ಕಟ್ ಅನ್ನುವವರೆಗೂ ನಿಲ್ಲಿಸಬಾರದು, ಸೂರು ಕಳಚಿ ಬಿದ್ದರೂ ಸರಿ. ಫಿಲಮ್ಮು ಓಡುತ್ತಿದೆ, ಇನ್ನೊಂದು ಟೇಕ್‌ಗೆ ಸುರುಳಿ ಇಲ್ಲ. ಎರಡು, ಜೊತೆಗಾರ ಹೊಸದಾಗಿ ಏನಾದರೂ ಮಾಡಿದರೆ ಇದೇನು ಅಂತ ಕೇಳಬಾರದು, ಅದಕ್ಕೊಂದು ಉತ್ತರ ಕೊಡಬೇಕು. ಅವರು ಟೋಪಿ ಬೀಳಿಸಿದರೆ ಇವರು ಅದರೊಳಗೆ ಕಾಲಿಡಬೇಕು. ಅವರು ಸೀನಿದರೆ ಇವರು ಹಾರಿ ಗೋಡೆಗೆ ಬಡಿಯಬೇಕು. ಕ್ಯಾಮೆರಾದ ಮುಂದೆ ಅವರು ಹೀಗೇ ನೂರಾರು ಹೊಸ ಆಟ ಕಂಡುಹಿಡಿದರು. ಯಾವುದನ್ನೂ ಮೊದಲೇ ಮಾತಾಡಿಕೊಂಡದ್ದಲ್ಲ.

ಮೂರನೆಯ ವರ್ಷಕ್ಕೆ ಗುದ್ದಪ್ಪನವರು ತಮ್ಮ ತಂಗಿಯನ್ನೇ ಕೊಟ್ಟು ಮದುವೆ ಮಾಡಿದರು. ಅಲ್ಲಿಗೆ ಇಬ್ಬರೂ ಭಾವ ಭಾವ ಆದರು. ಹೊರಗೆ ತಿಂದ ಗುದ್ದು ಸಾಲದು ಅಂತ ಮನೆಗೂ ಒಬ್ಬರನ್ನ ಕಳಿಸಿಕೊಟ್ರು ಎಂದು ಬಿದ್ದಪ್ಪನವರು ಸ್ವಲ್ಪವೂ ನಗದೆ ಹೇಳುತ್ತಾರೆ. ಈ ಜೋಕಿಗೆ ಅವರ ಮದುವೆಯಷ್ಟೇ ವಯಸ್ಸಾಗಿದೆ.

ಅವರ ಮನೆ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ. ಕಡಿದಾದ ಮರದ ಮೆಟ್ಟಿಲು, ಹತ್ತಿದರೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಕೋಣೆಯ ಮುಕ್ಕಾಲು ಭಾಗ ಕಬ್ಬಿಣದ ಮಂಚ. ಉಳಿದ ಕಾಲು ಭಾಗದಲ್ಲಿ ಗಂಡ ಹೆಂಡತಿ ಬಾಳುತ್ತಾರೆ. ಕೆಳಗಿನ ಅಂಗಡಿಯಲ್ಲಿ ಮೊಳೆ ತೂಗುವ ಸದ್ದು ಹಲಗೆಯ ಸಂದಿಯಿಂದ ಮೇಲಕ್ಕೆ ಬರುತ್ತದೆ. ಮಂಚದ ಮೇಲೆ ಗುದ್ದಪ್ಪನವರಿದ್ದಾರೆ. ದಪ್ಪ ಯಾವತ್ತೋ ಕರಗಿದೆ, ದೊಡ್ಡ ಎಲುಬುಗಳು ಉಳಿದಿವೆ. ಬಲಗೈ ಬಲಗಾಲು ಸತ್ತಿವೆ, ಬಾಯಿ ಒಂದು ಕಡೆಗೆ ಎಳೆದಿದೆ, ಮಾತಿಲ್ಲ. ಹೀಗೆ ಮೂವತ್ತು ವರ್ಷಗಳ ಮೇಲಾಯಿತು. ಮೊದಮೊದಲು ಕೋಲು ಹಿಡಿದು ಬಾಗಿಲವರೆಗೆ ಬರುತ್ತಿದ್ದರಂತೆ, ಈಗ ಅದೂ ಇಲ್ಲ. ನಾನು ಒಳಗೆ ಹೋದಾಗ ಕಣ್ಣು ಮಾತ್ರ ತಿರುಗಿತು. ಚುರುಕಾದ ಕಣ್ಣು, ಎಲ್ಲವನ್ನೂ ನೋಡುವ ಕಣ್ಣು.

ಹೆಂಡತಿ ಚಹಾ ತಂದಿಟ್ಟರು. ಮಾತಿನಲ್ಲಿ ಅವರದು ಅಣ್ಣನ ನಾಟಕ ಕಂಪನಿಯ ಗತ್ತು. ಒಬ್ಬರಿಗೆ ಮಾತು ನಿಂತೋಯ್ತು, ಇನ್ನೊಬ್ಬರಿಗೆ ಮೊದಲಿಂದಲೂ ಇರಲಿಲ್ಲ, ಹೀಗಾಗಿ ಮೂರು ಜನದ ಮಾತು ನಾನೊಬ್ಬಳೇ ಆಡಬೇಕು ಎಂದು ಶುರು ಮಾಡಿದರು. ಗಂಡ ನಿಂತಲ್ಲೇ ನಿಂತು ಲೋಟ ನೋಡುತ್ತಿದ್ದರು.

ಅಣ್ಣನಿಗೆ ಲಕ್ವ ಹೊಡೆದದ್ದು ಶೂಟಿಂಗಿನಲ್ಲೇ. ಕ್ಷೌರದಂಗಡಿಯ ದೃಶ್ಯ. ಅಣ್ಣ ಕುರ್ಚಿಯಲ್ಲಿ ಕೂತ ಗಿರಾಕಿ, ಇವರು ಕ್ಷೌರಿಕ. ಅಣ್ಣನ ಬಾಯಿ ಸೊಟ್ಟಗಾದಾಗ ಅದೂ ಒಂದು ಆಟ ಅಂದುಕೊಂಡು ಇವರು ಆಟ ಮುಂದುವರಿಸಿದರು ಎಂದು ಅವರು ಹೇಳಿದರು. ಅದರ ಬಗ್ಗೆ ಒಂದು ದಿನವೂ ಅವರು ಗಂಡನನ್ನು ದೂರಿಲ್ಲ. ಮೂವತ್ತು ಚಿಲ್ಲರೆ ವರ್ಷ ಅಣ್ಣನ ಮೈ ಒರೆಸಿ, ಮಗ್ಗುಲು ಬದಲಾಯಿಸಿ, ಗಡ್ಡ ತೆಗೆದು ನೋಡಿಕೊಂಡದ್ದು ಇದೇ ಗಂಡ. ಆಸ್ಪತ್ರೆಯ ಕೆಲಸವೂ ಹಾಗೇ ಬಂದದ್ದು. ಭಾವನ ಪಕ್ಕ ತಿಂಗಳುಗಟ್ಟಲೆ ಕೂತಿದ್ದಾಗ ಅಕ್ಕಪಕ್ಕದ ಮಂಚದವರ ಗಡ್ಡವನ್ನೂ ತೆಗೆದರು, ಸಿನಿಮಾಕ್ಕೋಸ್ಕರ ಕಲಿತ ಕೈ, ಆಮೇಲೆ ಅದೇ ಕಸುಬಾಯಿತು.

“ಇವರಿಗೇನು ಗೊತ್ತು ಪಾಪ, ನೊರೆ ಹಚ್ಚಿದ ಮುಖ,” ಅಂದರು ಆಕೆ. “ಗೊತ್ತಾದ ತಕ್ಷಣ ಎತ್ಕೊಂಡು ಓಡಿದ್ದಾರೆ. ಅಣ್ಣ ಇವರ ಎರಡರಷ್ಟು ತೂಕ ಇದ್ದ, ಹೇಗೆ ಎತ್ತಿದ್ರೋ. ಗೊತ್ತಾಗಿದ್ರೆ ಒಂದು ಕ್ಷಣ ಬಿಡ್ತಿದ್ರಾ?”

ಬಿದ್ದಪ್ಪನವರು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು. ಖಾಲಿಯಾಗಿರದ ಲೋಟ ಅದು. ನಲ್ಲಿ ಬಹಳ ಹೊತ್ತು ಸುರಿಯಿತು.

ಮರುದಿನ ಬೆಳಿಗ್ಗೆ ವಾರ್ಡಿನ ಕೆಲಸ ಮುಗಿದ ಮೇಲೆ ಅವರೇ ನನ್ನನ್ನು ಆಸ್ಪತ್ರೆಯ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗುತ್ತಾರೆ. ಬಟ್ಟೆ ಒಗೆಯುವ ಕೋಣೆಯಿಂದ ಹಬೆ ಬರುತ್ತಿದೆ, ಹಗ್ಗಗಳ ಮೇಲೆ ಹಸಿರು ಹೊದಿಕೆಗಳು ನೇತಾಡುತ್ತಿವೆ. ಕಲ್ಲುಬೆಂಚಿನ ಮೇಲೆ ಕೂತು ರೇಜರನ್ನು ಬಟ್ಟೆಯಲ್ಲಿ ಒರೆಸುತ್ತ, ನಿನ್ನೆ ಅವಳು ಹೇಳಿದ್ದು ಅರ್ಧ ಸರಿ ಅನ್ನುತ್ತಾರೆ. ಅವರು ಹೇಳಿದ್ದನ್ನು ಆದಷ್ಟೂ ಅವರು ಹೇಳಿದ ಹಾಗೇ ಬರೆಯುತ್ತೇನೆ.

ದೃಶ್ಯ ಸರಳ. ಗಿರಾಕಿಯ ಮುಖಕ್ಕೆ ನೊರೆ ಹಚ್ಚಬೇಕು, ಅವನು ಸಿಟ್ಟಾಗಿ ಗುದ್ದಬೇಕು, ಕ್ಷೌರಿಕ ಕನ್ನಡಿಯ ಮೇಲೆ ಬೀಳಬೇಕು. ನೊರೆ ಹಚ್ಚಿಯಾಯಿತು, ಗುದ್ದು ಬರಲಿಲ್ಲ. ಬದಲಿಗೆ ಭಾವನ ಬಾಯಿಯ ಒಂದು ತುದಿ ನಿಧಾನಕ್ಕೆ ಕೆಳಗಿಳಿಯಿತು. ಹೊಸ ಆಟ. ಇವರು ಅದಕ್ಕೆ ಉತ್ತರ ಕೊಟ್ಟರು, ಬೆರಳಿನಿಂದ ಬಾಯಿಯನ್ನು ಎತ್ತಿ ಸಮ ಮಾಡಿದರು. ಬೆರಳು ತೆಗೆದರೆ ಮತ್ತೆ ಜೋತಿತು. ಮತ್ತೆ ಎತ್ತಿದರು, ಒಂದು ಹೆಜ್ಜೆ ಹಿಂದೆ ಸರಿದು ಚಿತ್ರಪಟ ನೇರವಾಗಿದೆಯೇ ಎಂದು ನೋಡುವವರ ಹಾಗೆ ತಲೆ ಓರೆ ಮಾಡಿದರು. ಶೆಡ್ಡಿನಲ್ಲಿ ನಗು ಶುರುವಾಯಿತು. ಲೈಟ್ ಹಿಡಿದವನು ನಕ್ಕ ರಭಸಕ್ಕೆ ಲೈಟು ಅಲ್ಲಾಡಿತು. ಡೈರೆಕ್ಟರು ಬಾಯಿಗೆ ಕರವಸ್ತ್ರ ತುರುಕಿಕೊಂಡು ನೆಲಕ್ಕೆ ಕುಕ್ಕರಿಸಿದರು. ಕಟ್ ಅನ್ನಬೇಕಾದವರು ಅವರೊಬ್ಬರೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಅವತ್ತು ಆ ಶೆಡ್ಡಿನಲ್ಲಿ ಇಲಿ ಯಾವುದೆಂದು ಬೆಕ್ಕುಗಳಿಗೆ ಗೊತ್ತಿರಲಿಲ್ಲ.

ಭಾವ ಕುರ್ಚಿಯಿಂದ ಜಾರತೊಡಗಿದರು. ಇವರು ಬಲಗೈ ಹಿಡಿದು ಮೇಲಕ್ಕೆಳೆದರು.

“ಆ ಕೈ ನನಗೆ ಗೊತ್ತು ಸಾರ್. ಹದಿನೈದು ವರ್ಷ ನನ್ನ ಮೇಲೆ ಬಿದ್ದ ಕೈ. ಅದರೊಳಗೆ ಅವರಿರಲಿಲ್ಲ. ಕಣ್ಣು ನೋಡಿದೆ, ಕಣ್ಣು ನನ್ನನ್ನೇ ನೋಡ್ತಿತ್ತು. ಆಟ ಅಲ್ಲ ಅಂತ ಆಗ ಗೊತ್ತಾಯ್ತು.” ರೇಜರ್ ಒರೆಸುವುದು ನಿಲ್ಲುತ್ತದೆ. “ಹಿಂದೆ ಆ ನಗು. ಅಂಥ ನಗು ನಮಗೆ ಯಾವತ್ತೂ ಬಂದಿರಲಿಲ್ಲ. ಗೊತ್ತಾದ ಮೇಲೂ ನಾನು ಇನ್ನೊಂದು ಸಲ ಅವರ ಬಾಯಿ ಎತ್ತಿದೆ.”

ಇನ್ನೊಂದೇ ಸಲ. ಆಮೇಲೆ ಕ್ಯಾಮೆರಾ ಓಡುತ್ತಿರುವಾಗಲೇ ಭಾವನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೋಡಿದರು. ಜನ ಅದನ್ನೂ ಆಟ ಅಂದುಕೊಂಡು ಚಪ್ಪಾಳೆ ತಟ್ಟಿದರಂತೆ. ಅಷ್ಟು ಹೊತ್ತು ತಡವಾದದ್ದರಿಂದ ಹೆಚ್ಚು ಕಮ್ಮಿ ಏನೂ ಆಗಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದ್ದಾರೆ. ಅದು ಡಾಕ್ಟರ ಲೆಕ್ಕ, ನನ್ನ ಲೆಕ್ಕ ಬೇರೆ ಅನ್ನುತ್ತಾರೆ ಬಿದ್ದಪ್ಪನವರು.

ಆ ದೃಶ್ಯವನ್ನು ಚಿತ್ರದಿಂದ ತೆಗೆಯಲಿಲ್ಲ. ಇಟ್ಟುಕೊಳ್ಳಲಾ ಎಂದು ಡೈರೆಕ್ಟರು ಕೇಳಿದಾಗ ಇವರು ಬೇಡ ಅನ್ನಲಿಲ್ಲ. ಇವರ ಬದುಕಿನಲ್ಲೇ ಅತಿ ಹೆಚ್ಚು ಓಡಿದ ಚಿತ್ರ ಅದೇ ಆಯಿತು. ಬೀದಿ ಮಕ್ಕಳು ಒಬ್ಬರ ಬಾಯಿಯನ್ನು ಒಬ್ಬರು ಬೆರಳಿನಲ್ಲಿ ಎತ್ತಿ, ಹಿಂದೆ ಸರಿದು, ತಲೆ ಓರೆ ಮಾಡಿ ನಗುತ್ತಿದ್ದರು. ಇವರು ಆ ಬೀದಿ ಬಿಟ್ಟು ಸುತ್ತುದಾರಿ ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದರು. ಬೇರೆ ಜೊತೆಗಾರರ ಜೊತೆ ಬೀಳಲು ಪ್ರಯತ್ನಿಸಿದರು, ಪಕ್ಕೆಲುಬು ಮುರಿಯಿತು. ಮಾತಿನ ಪಾತ್ರವೂ ಒಮ್ಮೆ ಸಿಕ್ಕಿತು, ಬಾಯಿ ತೆರೆದರೆ ಜೋರು ದನಿಯೇ ಬರಲಿಲ್ಲ. ಅಷ್ಟರಲ್ಲಿ ಟಾಕೀಸಿನವರು ತುಂಡು ಚಿತ್ರ ತೋರಿಸುವುದನ್ನೇ ನಿಲ್ಲಿಸಿದ್ದರು. ಶೆಡ್ಡು ಮುಚ್ಚಿದಾಗ ಸುರುಳಿಗಳನ್ನು ಅದರಲ್ಲಿನ ಬೆಳ್ಳಿ ತೆಗೆಯುವವರಿಗೆ ಮಾರಿದರು. ಬಿದ್ದಪ್ಪ ಗುದ್ದಪ್ಪರ ಅಷ್ಟೂ ವರ್ಷಗಳ ದುಡಿಮೆ ಯಾರದೋ ಕುಲುಮೆಯಲ್ಲಿ ಕರಗಿತು.

ಒಂದು ಮಾತ್ರ ಉಳಿಯಿತು. ಹಳೆಯ ಚಿತ್ರಗಳನ್ನು ಹುಡುಕಿ ಉಳಿಸುವ ಸಂಸ್ಥೆಯ ಹೆಣ್ಣುಮಗಳೊಬ್ಬಳಿಗೆ ಹೋದ ವರ್ಷ ಮುಚ್ಚಿದ ಟಾಕೀಸೊಂದರ ಅಟ್ಟದಲ್ಲಿ ಒಂದು ಸುರುಳಿ ಸಿಕ್ಕಿತು. ಅತಿ ಹೆಚ್ಚು ಪ್ರತಿ ತೆಗೆದದ್ದೇ ಉಳಿಯುವುದು ಸಹಜ. ಅದು ಕ್ಷೌರದಂಗಡಿಯ ಚಿತ್ರ. ಈಗ ಆಕೆ ಅದನ್ನು ತೊಳೆದು ಸರಿಪಡಿಸಿ ದೊಡ್ಡ ಸಭಾಂಗಣದಲ್ಲಿ ಜನರಿಗೆ ತೋರಿಸಲು ಹೊರಟಿದ್ದಾಳೆ. ಬಿದ್ದಪ್ಪನವರು ವೇದಿಕೆಯ ಮೇಲಿರಬೇಕು, ಅವರ ಒಪ್ಪಿಗೆ ಇಲ್ಲದೆ ತೋರಿಸುವುದಿಲ್ಲ ಎಂದಿದ್ದಾಳೆ. ಒಳ್ಳೆಯ ಹುಡುಗಿ, ಅವಳಿಗೆ ಏನೂ ಗೊತ್ತಿಲ್ಲ.

ಕಳೆದ ತಿಂಗಳು ಮಧ್ಯಾಹ್ನ ಆಕೆ ಪುಟ್ಟ ಪ್ರೊಜೆಕ್ಟರ್ ಹೊತ್ತು ಮರದ ಮೆಟ್ಟಿಲು ಹತ್ತಿ ಬಂದಳು. ಕಿಟಕಿಗೆ ಹೊದಿಕೆ ಕಟ್ಟಿದರು, ಗೋಡೆಯ ಕ್ಯಾಲೆಂಡರ್ ತೆಗೆದರು, ಮಂಚವನ್ನು ಗೋಡೆಯ ಕಡೆಗೆ ತಿರುಗಿಸಿದರು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಗುದ್ದಪ್ಪನವರು ತಮ್ಮನ್ನು ತಾವು ನೋಡಿದರು, ದಪ್ಪಗೆ, ಗಟ್ಟಿಯಾಗಿ, ಎರಡೂ ಕೈ ಬೀಸಿಕೊಂಡು ಅಂಗಡಿಯೊಳಗೆ ಬರುವ ತಮ್ಮನ್ನು. ಬಿದ್ದಪ್ಪನವರು ಗೋಡೆ ನೋಡಲಿಲ್ಲ. ಮಂಚದ ಪಕ್ಕ ನಿಂತು ಭಾವನ ಮುಖ ನೋಡುತ್ತಿದ್ದರು. ಬೆಳಕು ಆ ಮುಖದ ಮೇಲೆ ಹೊರಳಾಡುತ್ತಿತ್ತು. ಬಾಯಿ ಎತ್ತುವ ಜಾಗ ಬಂತು. ಒಂದು ಸಲ, ಎರಡು ಸಲ, ಆಮೇಲೆ ಕೈ ಹಿಡಿದೆಳೆಯುವುದು, ಆಮೇಲೆ ಮತ್ತೊಂದು ಸಲ. ಆಗ ಭಾವನ ಗಂಟಲಿನಿಂದ ಸದ್ದು ಬಂತು. ಮೈ ಕುಲುಕಿತು, ಮಂಚ ಕುಲುಕಿತು, ಕಣ್ಣಲ್ಲಿ ನೀರು ಇಳಿಯಿತು.

ಲಕ್ವ ಹೊಡೆದ ಕೆಲವರಿಗೆ ಹೀಗಾಗುತ್ತದಂತೆ. ನಗುವಿಗೂ ಅಳುವಿಗೂ ಒಂದೇ ಬಾಗಿಲು ಉಳಿದಿರುತ್ತದೆ, ಯಾವುದು ಹೊರಗೆ ಬಂತೆಂದು ನೋಡುವವರಿಗೆ ತಿಳಿಯುವುದಿಲ್ಲ. ತಂಗಿಗೆ ಜ್ವರ ಬಂದಾಗ ಗುದ್ದಪ್ಪನವರು ಹೋ ಎಂದು ನಕ್ಕದ್ದುಂಟು, ಹಳೆಯ ಗೆಳೆಯ ಬಂದಾಗ ಬಿಕ್ಕಿದ್ದುಂಟು. ಸಂಸ್ಥೆಯ ಹುಡುಗಿ, ಎಷ್ಟು ಖುಷಿಪಡ್ತಿದಾರೆ ನೋಡಿ ಎಂದು ತಾನೂ ಕಣ್ಣೊರೆಸಿಕೊಂಡಳು. ಹೆಂಡತಿ ಅಣ್ಣನ ಬಾಯಿ ಒರೆಸಿದರು.

“ಜೀವನ ಪೂರ್ತಿ ಜನ ನಗೋದನ್ನೇ ಕೇಳಿಸ್ಕೊಂಡೋನು ನಾನು,” ಅನ್ನುತ್ತಾರೆ ಬಿದ್ದಪ್ಪ. “ಹಾಲ್ ಹೊರಗೆ ನಿಂತ್ರೂ ಯಾವ ಜಾಗಕ್ಕೆ ನಕ್ಕರು ಅಂತ ಹೇಳ್ತಿದ್ದೆ. ಅದೊಂದು ನನಗೆ ಗೊತ್ತಾಗಲಿಲ್ಲ.”

ಕೇಳಬಹುದಿತ್ತಲ್ಲ ಎಂದೆ. ಭಾವನಿಗೆ ಎಡಗೈ ಇದೆ, ಹೌದಾದರೆ ಎತ್ತುತ್ತಾರೆ, ಅಲ್ಲವಾದರೆ ಅಲ್ಲಾಡಿಸುತ್ತಾರೆ, ಬುದ್ಧಿ ಎಲ್ಲ ಸರಿಯಾಗಿದೆ. ಕೇಳಿದ್ದರೆ ಹೇಳುತ್ತಿದ್ದರು ಎಂದು ಬಿದ್ದಪ್ಪನವರೂ ಒಪ್ಪುತ್ತಾರೆ. ಕೇಳಬೇಕಾದರೆ ಮೊದಲು, ಅವತ್ತು ನನಗೆ ಗೊತ್ತಿತ್ತು ಅಂತ ಹೇಳಬೇಕಲ್ಲ, ಅದು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಭಾವನ ಗಡ್ಡ ತೆಗೆಯುವಾಗ ಎಷ್ಟೋ ಬೆಳಿಗ್ಗೆ ಹೇಳಲು ಹೊರಟಿದ್ದಾರೆ. ಮಾತಾಡಿ ಅಭ್ಯಾಸ ಇಲ್ಲ ಸಾರ್, ಅನ್ನುತ್ತಾರೆ. ಇದು ಜೋಕು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೂ ನಗು ಬರಲಿಲ್ಲ.

ನಾನು ಪೆನ್ನಿನ ಮುಚ್ಚಳ ಹಾಕಿ, ಇದು ಮನೆಯ ವಿಷಯ, ಇದನ್ನು ಬರೆಯುವುದಿಲ್ಲ, ಬೀಳುವುದರ ಬಗ್ಗೆ ಮಾತ್ರ ಬರೆಯುತ್ತೇನೆ ಎಂದು ಭರವಸೆ ಕೊಟ್ಟೆ. ಅವರು ಗಾಬರಿಯಾದವರ ಹಾಗೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಸೋಪಿನ ವಾಸನೆಯ ಒಣಗಿದ ಕೈ. ಬರೆಯಲಿ ಅಂತಲೇ ಇಲ್ಲಿಗೆ ಕರೆದುಕೊಂಡು ಬಂದದ್ದು, ಇಲ್ಲದಿದ್ದರೆ ಪೇಪರಿನವರ ಸಹವಾಸ ನನಗ್ಯಾಕೆ ಎಂದರು.

“ನನಗೆ ಓದೋಕೆ ಬರಲ್ಲ. ಭಾನುವಾರ ಪೇಪರ್ ಓದೋದು ನನ್ನವಳು. ಅವಳ ಅಣ್ಣನ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದ್ತಾಳೆ, ಒಂದಕ್ಷರ ಬಿಡಲ್ಲ. ನನ್ನ ಬಗ್ಗೆ ಬಂದಿದೆ ಅಂದ್ರೆ ಮೊದಲು ಅದನ್ನೇ ಓದ್ತಾಳೆ. ಗೊತ್ತಾದ ಮೇಲೂ ಅಂತ ಹೇಳಿದ್ನಲ್ಲ, ಆ ಮಾತನ್ನ ಹಾಗೇ ಹಾಕಿ. ಮೆತ್ತಗೆ ಮಾಡಬೇಡಿ.”

ಹುಡುಗಿಗೆ ಒಪ್ಪಿಗೆ ಕೊಡುವುದೋ ಬೇಡವೋ ಎಂಬುದೂ ಭಾನುವಾರ ಕಳೆದ ಮೇಲೆಯೇ ತೀರ್ಮಾನವಾಗಬೇಕು. ಭಾವ ಎಡಗೈ ಎತ್ತಿದರೆ ತೋರಿಸಲಿ. ಅಲ್ಲಾಡಿಸಿದರೆ ಆ ಸುರುಳಿಯೂ ಉಳಿದವುಗಳ ದಾರಿ ಹಿಡಿಯಲಿ ಎಂಬುದು ಅವರ ಮಾತು. ಇಂಥ ಲೇಖನಗಳ ಕೊನೆಗೆ ನಿಮ್ಮ ಆಸೆ ಏನು ಎಂದು ಕೇಳುವುದು ನಮ್ಮ ರೂಢಿ. ಕೇಳಿದೆ. ತಟ್ಟೆಯಲ್ಲಿ ಬ್ರಷ್ಷು ರೇಜರ್ ಜೋಡಿಸಿಕೊಂಡು ಎದ್ದು ನಿಂತವರು ಒಗೆಯುವ ಕೋಣೆಯ ಹಬೆಯನ್ನೇ ನೋಡುತ್ತ ಯೋಚಿಸಿದರು.

“ಅವಳು ಓದುವಾಗ ನಾನು ಬಾಗಿಲ ಹತ್ತಿರ ನಿಂತಿರ್ತೀನಿ. ಓದಿ ಮುಗಿಸಿ ಒಂದು ಸಲ ನನ್ನ ಕಡೆ ತಿರುಗಿ ನೋಡಿದ್ರೆ ಸಾಕು. ಬೈದ್ರೂ ಸರಿ.”

ಅಮ್ಮಾ, ನೀವು ಗಟ್ಟಿಯಾಗಿ ಓದುತ್ತಿರುವ ಲೇಖನ ಇಲ್ಲಿಗೆ ಮುಗಿಯಿತು. ಅವರು ಬಾಗಿಲ ಹತ್ತಿರ ನಿಂತಿದ್ದಾರೆ.